ಕಾಲುವೆ ದಂಡೆಯಲ್ಲಿ ಪಿಠಾ ಸಂಕ್ರಾಂತಿ

ಕೊಪ್ಪಳ ಜಿಲ್ಲೆಯ ನಮ್ಮೂರು ಇಟಗಿ ಅಂದರೆ ಹೊರಗಿನವರಿಗೆ ಮಹಾದೇವ ದೇವಾಲಯ. 1112ರಲ್ಲಿ ಕಟ್ಟಿದ ಗುಡಿ. ನೋಡಲು ಬಂದವರು ಕಂಬಗಳ ಕೆತ್ತನೆ ನೋಡಿ, ಫೋಟೊ ತೆಗೆದುಕೊಂಡು, ಬಂದ ದಾರಿಯಲ್ಲೇ ಹೊರಡುತ್ತಾರೆ. ಗುಡಿಯಾಚೆಗಿನ ಎರೆ ಹೊಲದ ಕಡೆ ಅವರ ಕಣ್ಣು ಹೋಗುವುದು ಕಡಿಮೆ. ಜನವರಿಯಲ್ಲಿ ಬಂದವರು ಅದನ್ನೂ ನೋಡಬೇಕು. ಹಿಂಗಾರಿ ಜೋಳ ತೆನೆ ಹಾಕಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ಕುಸುಬಿಯ ಮುಳ್ಳು ಬಲಿತಿರುತ್ತದೆ. ಮಳೆ ನಿಂತು ಎಷ್ಟೋ ವಾರ ಕಳೆದಿದ್ದರೂ ನೆಲದೊಳಗಿನ ತೇವ, ರಾತ್ರಿಯ ಇಬ್ಬನಿ ಇವೆರಡರ ಮೇಲೆ ಬೆಳೆ ನಿಂತಿರುತ್ತದೆ. ನಸುಕಿನಲ್ಲಿ ಕಡಲೆ ಹೊಲ ದಾಟಿದರೆ ಧೋತರದ ಅಂಚು ಒದ್ದೆಯಾಗಿ ಹುಳಿ ಹಿಡಿಯುತ್ತದೆ. ಹಿಂದಿನವರು ರಾತ್ರಿ ಗಿಡಗಳ ಮೇಲೆ ತೆಳು ಅರಿವೆ ಹಾಸಿ, ಬೆಳಗಾಗುವುದರೊಳಗೆ ಹಿಂಡಿ, ಆ ಹುಳಿಯನ್ನು ಸೀಸೆಯಲ್ಲಿ ತುಂಬಿ ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಿದ್ದರು.

ಸಂಕ್ರಾಂತಿಯ ಹಿಂದಿನ ದಿನ, ಅಂದರೆ ಭೋಗಿಗೆ, ನಮ್ಮಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹಸಿ ಕಡಲೆ ಹಾಕಿದ ಪಲ್ಯ ಇರಲೇಬೇಕು. ಅದೇ ಹೊತ್ತಿಗೆ ಪಕ್ಕದ ರಾಯಚೂರು ಜಿಲ್ಲೆಯಲ್ಲಿ, ಸಿಂಧನೂರಿನ ಹತ್ತಿರದ ಬಂಗಾಳಿ ಕ್ಯಾಂಪುಗಳಲ್ಲಿ, ಅಕ್ಕಿ ಹಿಟ್ಟು, ಕಾಯಿ, ಹಾಲು, ಈಚಲ ಬೆಲ್ಲ ಹಾಕಿ ‘ಪಿಠಾ’ ಎಂಬ ಬೇರೆಯೇ ಅಡುಗೆ ನಡೆಯುತ್ತದೆ ಎಂದು ಹೇಳಿದವನು ನಮ್ಮೂರಿಗೆ ಭತ್ತದ ಹುಲ್ಲು ತರುವ ಟ್ರ್ಯಾಕ್ಟರಿನ ಹುಡುಗ. ಅವನ ಮನೆಮಾತು ಬಂಗಾಳಿ. ಅವನ ಕನ್ನಡ ಕೇಳಿದರೆ ಅದು ಗೊತ್ತಾಗುವುದಿಲ್ಲ. “ಭೋಗಿ ದಿನಾ ಬರ್ರಿ ಅಣ್ಣಾರ, ನಮ್ಮ ಅಜ್ಜಿ ಕಡೆ ಕೂಡ್ರಸ್ತೀನಿ” ಅಂದ. ಮನೆಯಲ್ಲಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಟೆ.

ಕುಕನೂರು, ಕೊಪ್ಪಳ, ಗಂಗಾವತಿ, ಕಾರಟಗಿ. ಈ ದಾರಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತರೆ ಎರಡು ಬೇರೆ ನಾಡು ಕಾಣುತ್ತವೆ. ಕೊಪ್ಪಳದವರೆಗೆ ಮಳೆ ನಂಬಿದ ಹೊಲ. ಗಂಗಾವತಿ ಸಮೀಪಿಸುತ್ತಿದ್ದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣಿಸಿಕೊಳ್ಳುತ್ತದೆ; ಅಲ್ಲಿಂದ ಮುಂದೆ ಭತ್ತ, ಅಕ್ಕಿ ಗಿರಣಿಯ ಚಿಮಣಿ, ರಸ್ತೆ ಮೇಲೆ ಒಣಹಾಕಿದ ಕಾಳು. ಅಣೆಕಟ್ಟು ಮುಗಿದು 1953ರಲ್ಲಿ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ನೆಲೆಸಿದ ಊರುಗಳ ಹೆಸರಿನ ಕೊನೆಗೆಲ್ಲ ‘ಕ್ಯಾಂಪ್’ ಇದೆ. ಬಂಗಾಳಿಗಳ ಕ್ಯಾಂಪಿನ ಕತೆ ಹಾಗಲ್ಲ. ಆಂಧ್ರದವರು ಜಮೀನು ಕೊಳ್ಳಲು ಬಂದವರು. ಇವರು ಪೂರ್ವ ಪಾಕಿಸ್ತಾನದಲ್ಲಿ ಎಲ್ಲ ಬಿಟ್ಟು ಬಂದವರು. ಅಲ್ಲಿಂದ ಬಂದ ನಿರಾಶ್ರಿತರನ್ನು ಕೇಂದ್ರ ಸರ್ಕಾರ 1958ರಿಂದ ದಂಡಕಾರಣ್ಯದ ಕಾಡುಗಳಲ್ಲಿ ನೆಲೆಗೊಳಿಸಿತು, ಒಂದಷ್ಟು ಮಂದಿಯನ್ನು ಅಂಡಮಾನಿಗೆ ಕಳಿಸಿತು. 1970ರ ದಶಕದ ಆರಂಭದಲ್ಲಿ ಕೆಲವು ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ಪುನರ್ವಸತಿ ಕ್ಯಾಂಪುಗಳನ್ನು ಹಾಕಿತು. ಜನ ಅವುಗಳನ್ನು ಆರ್.ಎಚ್. ಕ್ಯಾಂಪ್ ಅನ್ನುತ್ತಾರೆ, ಒಂದೊಂದಕ್ಕೂ ನಂಬರ್ ಇದೆ. ನಾನು ಹೋದದ್ದರ ನಂಬರ್ ಇಲ್ಲಿ ಬೇಡ.

ಇಳಿದ ಕೂಡಲೇ ಎದುರಾದದ್ದು ಮೀನು. ರಸ್ತೆ ಪಕ್ಕದಲ್ಲಿ ತಾಡಪತ್ರಿ ಹಾಸಿ, ಅದರ ಮೇಲೆ ಬಾಳೆಲೆ, ಎಲೆಯ ಮೇಲೆ ಬೆಳ್ಳಗಿನ ಮೀನು. ರೋಹು ಮತ್ತು ಕಾಟ್ಲಾ ಎಂದು ಹುಡುಗ ಬೆರಳು ಮಾಡಿ ತೋರಿಸಿದ. ಪಕ್ಕದ ಬುಟ್ಟಿಯಲ್ಲಿ ಇನ್ನೂ ಮಿಸುಕುತ್ತಿದ್ದ ಕಪ್ಪು ಮೀನು ಯಾವುದು ಎಂದು ಕೇಳಿದೆ. ಅವನು ಬಂಗಾಳಿ ಹೆಸರು ಹೇಳಿದ, ಕನ್ನಡದ್ದು ಅವನಿಗೂ ಬರಲಿಲ್ಲ. ಮೀನು ನಮ್ಮ ಮನೆಯ ಅಡುಗೆಯಲ್ಲ, ನಾನು ತಿಂದವನೂ ಅಲ್ಲ. ಹೀಗಾಗಿ ಈ ಬರಹದಲ್ಲಿ ಮೀನಿನ ರುಚಿಯ ಸುದ್ದಿ ಸಿಗದು. ಕೊಯ್ಯುವ ಕೈ ಮಾತ್ರ ನೋಡುತ್ತ ನಿಂತೆ. ನಮ್ಮ ಈಳಿಗೆಯದೇ ಜಾತಿಯ, ಆದರೆ ಅದಕ್ಕಿಂತ ಎತ್ತರದ ಬಾಗಿದ ಅಲಗು. ಅದರ ಮಣೆಯನ್ನು ಪಾದದಲ್ಲಿ ಒತ್ತಿ ಹಿಡಿದು ಹೆಣ್ಣುಮಗಳು ಕುಕ್ಕರಗಾಲಲ್ಲಿ ಕೂತಿದ್ದಳು. ಅಲಗು ಅಲುಗಲಿಲ್ಲ, ಮೀನನ್ನೇ ಅದಕ್ಕೆ ಒತ್ತುತ್ತಿದ್ದಳು. ತಲೆ ಬೇರೆ, ಬೆನ್ನು ಬೇರೆ, ಹೊಟ್ಟೆ ಬೇರೆ. ಕೊಳ್ಳುವವರೂ ಹಾಗೇ ಕೇಳುತ್ತಿದ್ದರು: ಒಬ್ಬರಿಗೆ ತಲೆ, ಇನ್ನೊಬ್ಬರಿಗೆ ಹೊಟ್ಟೆ. ಕೊಂಡವರ ಚೀಲಗಳಲ್ಲಿ ಮೀನಿನ ಜೊತೆ ಹೂಕೋಸು, ಸಿಪ್ಪೆ ಗಟ್ಟಿಯಾಗದ ಹೊಸ ಆಲೂಗಡ್ಡೆ ಕಂಡವು. ಮೂರನ್ನೂ ಸೇರಿಸಿ ತೆಳ್ಳಗೆ ಸಾರು ಮಾಡುವುದು ಇವರ ಚಳಿಗಾಲದ ದಿನನಿತ್ಯದ ಅಡುಗೆಯಂತೆ. ಹೂಕೋಸು ವರ್ಷಪೂರ್ತಿ ಸಿಗುತ್ತದಲ್ಲ ಅಂದೆ. “ಸಿಗ್ತದ್ರಿ, ಬ್ಯಾಸಗ್ಯಾಗಿಂದು ನಮ್ಮ ಅಜ್ಜಿ ತಿನ್ನಂಗಿಲ್ಲ” ಅಂದ ಹುಡುಗ.

ಪಕ್ಕದಲ್ಲೇ ಕಿರಾಣಿ ಅಂಗಡಿ. ಬೋರ್ಡು ಕನ್ನಡದಲ್ಲಿ, ಒಳಗಿನ ಮಾತು ಬಂಗಾಳಿಯಲ್ಲಿ, ಲೆಕ್ಕ ಮಾತ್ರ ಎರಡೂ ಬೆರೆಸಿ. ಸಾಸಿವೆ ಎಣ್ಣೆಯ ಡಬ್ಬಿ, ಮಂಡಕ್ಕಿ ಚೀಲ, ಒಣಮೀನಿನ ಪೊಟ್ಟಣ. ಇವುಗಳ ನಡುವೆ ಹಳೆ ಪತ್ರಿಕೆಯಲ್ಲಿ ಸುತ್ತಿದ ಕಂದು ಬೆಲ್ಲದ ಹಲ್ಲೆಗಳು. ಅದೇ ಈಚಲ ಬೆಲ್ಲ. ಅವರು ‘ಪಾಟಾಲಿ’ ಎಂದು ಕರೆಯುವ ಗಟ್ಟಿ ಬೆಲ್ಲ ಇದು. ಜೇನಿನ ಹದದಲ್ಲಿ ಸುರಿಯುವ ಇನ್ನೊಂದು ಬಗೆ ‘ಝೋಲಾ ಗುಡ್’, ಅದು ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಅಂಗಡಿಯವನು ಒಂದು ಹಲ್ಲೆ ತೆಗೆದು ಮೂಲೆಯನ್ನು ಬೆರಳಲ್ಲಿ ಒತ್ತಿದ. ಪುಡಿಪುಡಿಯಾಗಿ ಕೂತಿತು. ಗಟ್ಟಿಯಾಗಿ ಕಟಕ್ಕನೆ ಮುರಿದರೆ, ಒಳಗೆ ಹರಳು ಮಿಂಚಿದರೆ ಸಕ್ಕರೆ ಬೆರೆಸಿದ್ದಾರೆಂದು ಅರ್ಥ. ಮೂಗಿಗೆ ಹಿಡಿದೆ. ಬೆಲ್ಲದ ವಾಸನೆಯ ಕೆಳಗೆ ಹೊಗೆಯದ್ದೊಂದು ಎಳೆ ಇದ್ದಂತೆ ಅನಿಸಿತು. ಕಬ್ಬಿನ ಬೆಲ್ಲಕ್ಕೆ ಈ ಪರಿಮಳ ಇಲ್ಲ. ಬಾಯಲ್ಲಿ ಹಾಕಿಕೊಂಡ ಮೇಲೆ ಮೊದಲು ಸಿಹಿ, ಆಮೇಲೆ ಎಲ್ಲೋ ಒಂದಿಷ್ಟು ಉಪ್ಪು.

ಇದು ಇಲ್ಲಿ ಕಾಯಿಸಿದ ಬೆಲ್ಲವಲ್ಲ. ಪಶ್ಚಿಮ ಬಂಗಾಳದ ನೆಂಟರ ಕೈಯಿಂದ, ರೈಲಿನ ಪಾರ್ಸೆಲ್‌ನಿಂದ ಬರುತ್ತದೆ. ಡಿಸೆಂಬರಿನಿಂದ ಫೆಬ್ರವರಿ ನಡುವಿನವರೆಗೆ ಮಾತ್ರ. ಆಮೇಲೆ ಕೇಳಿದರೂ ಇಲ್ಲ, ಕೊಟ್ಟರೂ ಹಳೆಯದು. ಕೋಲ್ಕತ್ತದ ರಸಗುಲ್ಲ, ಸಂದೇಶ್ ಚಳಿಗಾಲದಲ್ಲಿ ಕಂದು ಬಣ್ಣಕ್ಕೆ ತಿರುಗುವುದು ಈ ಬೆಲ್ಲದಿಂದಲೇ. ಕೋಲ್ಕತ್ತದ ದಕ್ಷಿಣಕ್ಕೆ ಜಯನಗರ ಎಂಬ ಊರಿದೆ. ಅಲ್ಲಿ ಕನಕಚೂರ್ ಎಂಬ ಭತ್ತದ ಅರಳನ್ನು ಈ ಬೆಲ್ಲದಲ್ಲಿ ಉಂಡೆ ಕಟ್ಟುತ್ತಾರೆ. ಆ ‘ಮೋಯಾ’ಗೆ 2015ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ. ಕ್ಯಾಂಪಿನ ಅಂಗಡಿಯಲ್ಲಿ ಮೋಯಾ ಇರಲಿಲ್ಲ. ಮಂಡಕ್ಕಿ ಉಂಡೆ ಇತ್ತು, ಕಬ್ಬಿನ ಬೆಲ್ಲದ್ದು.

ಅಲ್ಲಿಂದ ಓಣಿ ಹಿಡಿದೆವು. ಸರ್ಕಾರ ಗೆರೆ ಎಳೆದು ಹಾಕಿದ ಊರಾದ್ದರಿಂದ ದಾರಿಗಳು ನೆಟ್ಟಗಿವೆ. ನಮ್ಮ ಹಳ್ಳಿಗಳ ಓಣಿ ಗುಡಿಗೋ ಬಾವಿಗೋ ತಿರುಗಿಕೊಳ್ಳುತ್ತದೆ, ಇಲ್ಲಿನದು ಹೊಲದ ಅಂಚಿಗೇ ಹೋಗಿ ನಿಲ್ಲುತ್ತದೆ. ಮನೆ ಮುಂದೆ ತುಳಸಿಕಟ್ಟೆ, ಸಗಣಿ ಸಾರಿಸಿದ ಅಂಗಳ. ಮರುದಿನದ ಪೂಜೆಗೆಂದು ಹುಡುಗಿಯೊಬ್ಬಳು ಅಕ್ಕಿ ಹಿಟ್ಟು ಕಲಸಿದ ನೀರಿನಲ್ಲಿ ಬೆರಳದ್ದಿ ನೆಲದ ಮೇಲೆ ಬಳ್ಳಿ, ಭತ್ತದ ತೆನೆ, ಲಕ್ಷ್ಮಿಯ ಪಾದ ಬರೆಯುತ್ತಿದ್ದಳು. ನಮ್ಮ ರಂಗೋಲಿಯ ಹಾಗೆ ಚುಕ್ಕಿ ಇಟ್ಟುಕೊಂಡಿರಲಿಲ್ಲ. ಕೈ ಒಂದೇ ಎಳೆತಕ್ಕೆ ಹೋಗುತ್ತಿತ್ತು.

ಮೂಲೆಯಲ್ಲಿ ಬಾರಿಗಿಡ ಮೈತುಂಬ ಹಣ್ಣು ಹೊತ್ತು ನಿಂತಿತ್ತು. ಒಂದು ಕಿತ್ತುಕೊಂಡು ತಿಂದೆ. ಸುತ್ತಲಿದ್ದ ಹುಡುಗರು ನನ್ನ ಮುಖವನ್ನೇ ನೋಡಿದರು. ಇಲ್ಲಿಯ ಮಕ್ಕಳು ಸರಸ್ವತಿ ಪೂಜೆ ಆಗುವವರೆಗೆ ಬಾರಿಹಣ್ಣು ಮುಟ್ಟುವಂತಿಲ್ಲ. ಅದು ಬರುವುದು ಮಾಘ ಶುದ್ಧ ಪಂಚಮಿಗೆ. ಅದಕ್ಕೆ ಮೊದಲೇ ತಿಂದರೆ ಸರಸ್ವತಿ ಸಿಟ್ಟಾಗಿ ಪರೀಕ್ಷೆಯಲ್ಲಿ ಫೇಲು ಮಾಡುತ್ತಾಳೆ. ನಮ್ಮಲ್ಲಿ ಇದೇ ಸಂಕ್ರಾಂತಿಗೆ ಚಿಕ್ಕ ಮಕ್ಕಳನ್ನು ಕೂರಿಸಿ ತಲೆ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು ಸುರಿಯುತ್ತೇವೆ, ಉಳಿದ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ನನ್ನ ಪರೀಕ್ಷೆಗಳೆಲ್ಲ ಎಂದೋ ಮುಗಿದಿವೆ ಎಂದು ಹೇಳಿ ಇನ್ನೊಂದು ತಿಂದೆ. ಒಬ್ಬ ಹುಡುಗ ಎಂಜಲು ನುಂಗಿದ್ದು ಕಂಡಿತು.

ಹುಡುಗನ ಮನೆಯ ಹಿತ್ತಲು ಮನೆಗಿಂತ ದೊಡ್ಡದು. ಅಲ್ಲಿ ನಾನು ಬಹಳ ಹೊತ್ತು ಕಳೆದೆ. ಮೂಲಂಗಿ, ಪಾಲಕ, ಕೊತ್ತಂಬರಿ, ಬದನೆ, ಹಂದರದ ಮೇಲೆ ಅವರೆ, ಇನ್ನೊಂದು ಹಂದರಕ್ಕೆ ಸೋರೆ, ನೆಲದ ಮೇಲೆ ಕುಂಬಳ ಬಳ್ಳಿ. ಇದರಲ್ಲಿ ಹೊಸದೇನಿದೆ ಅನ್ನಿಸಬಹುದು. ಕೊಯ್ಯುವಾಗ ಗೊತ್ತಾಯಿತು. ಮನೆಯ ಸೊಸೆ ಬುಟ್ಟಿ ಹಿಡಿದು ಬಂದವಳು ಸೋರೆಕಾಯಿಗೆ ಕೈಹಾಕಲಿಲ್ಲ; ಬಳ್ಳಿಯ ತುದಿಯನ್ನೇ ಎಲೆ, ಕುಡಿ, ಎಳೆಬಳ್ಳಿ ಸಮೇತ ಮುರಿದುಕೊಂಡಳು. ಆಮೇಲೆ ಕುಂಬಳದ ಹೂವು ಕಿತ್ತಳು. ಕಾಯಿ ಬಿಡುವ ಹೂ ಬಿಟ್ಟು, ಬರಿದೆ ಉದುರಿಹೋಗುವ ಗಂಡು ಹೂಗಳನ್ನಷ್ಟೇ. ಅವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಕರಿಯುವುದು. ಸೋರೆ ಕುಡಿಗೆ ಸಾಸಿವೆ ಅರೆದು ಹಾಕುವುದು. ನಮ್ಮ ಕಡೆ ಈ ಬಳ್ಳಿಯ ತುದಿಗಳನ್ನು ದನದ ಗ್ವಾದಲಿಗೆ ಎಸೆಯುತ್ತೇವೆ. ಹಾಗೆಂದು ಹೇಳಲಿಲ್ಲ.

ಮೂಲಂಗಿಯನ್ನು ಮಾತ್ರ ಆಕೆ ಸಾಲು ಸಾಲಾಗಿ ಕಿತ್ತು ಹಾಕುತ್ತಿದ್ದಳು. ಇಷ್ಟೊಂದು ಯಾಕೆ ಎಂದರೆ, “ನಾಡದಿಂದ ಮಾಘ ಹತ್ತತೈತ್ರಿ. ಮಾಘದಾಗ ನಾವು ಮೂಲಂಗಿ ತಿನ್ನಂಗಿಲ್ಲ” ಎಂದಳು. ಬಂಗಾಳಿಗಳದು ಸೌರ ಪಂಚಾಂಗ. ಸಂಕ್ರಾಂತಿಗೆ ಪೌಷ ಮುಗಿದು ಮಾಘ ಶುರು. ಉಳಿದದ್ದು ಯಾರಿಗೆ? ಓಣಿಯಾಚೆಯ ಕನ್ನಡದವರ ಮನೆಗಳಿಗೆ, ಸಿಂಧನೂರು ಸಂತೆಗೆ. ಹೂಕೋಸು ಬೇಸಿಗೆಯಲ್ಲಿ ಬೇಡ, ಬಾರಿಹಣ್ಣು ಪಂಚಮಿಗೆ ಮುಂಚೆ ಬೇಡ, ಮೂಲಂಗಿ ಸಂಕ್ರಾಂತಿಯ ಮೇಲೆ ಬೇಡ. ಇವರ ಚಳಿಗಾಲದ ಅಡುಗೆಯನ್ನು ಥರ್ಮಾಮೀಟರ್ ಹಿಡಿದು ಹುಡುಕಿದರೆ ಸಿಗದು ಎಂದು ಅಲ್ಲೇ ನಿಂತು ಅನಿಸಿತು. ಸಿಂಧನೂರಿನಲ್ಲಿ ಚಳಿ ಎಷ್ಟಿದ್ದೀತು? ಮಧ್ಯಾಹ್ನಕ್ಕೆ ನಾನು ಸ್ವೆಟರ್ ಕಳಚಿ ಹೆಗಲ ಮೇಲೆ ಹಾಕಿಕೊಂಡಿದ್ದೆ. ತಿಂಗಳು ಯಾವುದು, ಹೊಲದಿಂದ ಏನು ಬಂದಿದೆ, ಈ ಎರಡು ಲೆಕ್ಕದ ಮೇಲೆ ಒಲೆ ಹೊತ್ತುತ್ತದೆ. ನಮ್ಮ ಸಜ್ಜೆ ರೊಟ್ಟಿಯೂ ಹಾಗೇ ಅಲ್ಲವೇ. ಮೈ ಬೆಚ್ಚಗಾಗುತ್ತದೆ ಎಂದು ಹೇಳುತ್ತೇವೆ ನಿಜ. ಆದರೆ ಸಜ್ಜೆ, ಎಳ್ಳು ಎರಡೂ ಕಣದಿಂದ ಮನೆಗೆ ಬಂದು ಇನ್ನೂ ಹೊಸ ವಾಸನೆ ಇಟ್ಟುಕೊಂಡಿರುವ ಹೊತ್ತು ಅದು.

ಮಾಳಿಗೆಗೆ ಏಣಿ ಹತ್ತಿದೆವು. ಹಳೆ ಧೋತರದ ಮೇಲೆ ಸಾಲಾಗಿ ಬಿಳಿ ಗೋಪುರಗಳು, ಅಡಿಕೆ ಗಾತ್ರದವು. ಬೊಡಿ. ಉದ್ದಿನ ಬೇಳೆ ನೆನೆಸಿ ಅರೆದು, ಬೂದುಗುಂಬಳದ ತುರಿ ಹಿಂಡಿ ಸೇರಿಸಿ, ಕೈಯಲ್ಲೇ ಬಡಿದು ಬಡಿದು ಹಗುರ ಮಾಡಿ, ಚಿವುಟಿ ಇಟ್ಟದ್ದು. ಬಡಿದದ್ದು ಸಾಕೋ ಎಂದು ತಿಳಿಯಲು ಚೂರು ಹಿಟ್ಟನ್ನು ನೀರಿಗೆ ಹಾಕುತ್ತಾರೆ. ತೇಲಿದರೆ ಹದ ಬಂತು, ಮುಳುಗಿದರೆ ಇನ್ನೂ ಬಡಿಯಬೇಕು. ಒಣಗಿದ ಮೇಲೆ ಕರಿದು ಸಾರಿಗೋ ಪಲ್ಯಕ್ಕೋ ಹಾಕುವುದು. ನೋಡಿದ ಕೂಡಲೇ ಸಂಡಿಗೆ ಅಂದುಕೊಂಡೆ. ಆದರೆ ನಾವು ಸಂಡಿಗೆ ಇಡುವುದು ಶಿವರಾತ್ರಿ ಕಳೆದ ಮೇಲೆ, ಬಿಸಿಲು ಬಲಿತಾಗ. ಬಂಗಾಳದ ಬೇಸಿಗೆ ಬೆವರಿನದು, ಗಾಳಿಯಲ್ಲೇ ನೀರು. ಅಲ್ಲಿ ಒಣ ಬಿಸಿಲು ಬೀಳುವುದು ಚಳಿಗಾಲದಲ್ಲಿ. ಅದಕ್ಕೇ ಬೊಡಿ ಅಲ್ಲಿ ಚಳಿಗಾಲದ ಕೆಲಸ. ಇಲ್ಲಿಗೆ ಬಂದ ಮೇಲೆ ಏಪ್ರಿಲಿನ ಬಿಸಿಲಲ್ಲಿ ಒಂದೇ ದಿನಕ್ಕೆ ಒಣಗಿಸಬಹುದಿತ್ತು. ಕೇಳಿದೆ. ಸೊಸೆ ನಕ್ಕಳು: “ಬ್ಯಾಸಗ್ಯಾಗ ನಾನು ನಿಮ್ಮ ಸಂಡಿಗಿ ಹಾಕ್ತೀನ್ರಿ. ಬೊಡಿ ಅಂದ್ರ ಈಗೇ.” ಆಕೆ ಹುಟ್ಟಿದ್ದು ಇದೇ ಕ್ಯಾಂಪುಗಳಲ್ಲೊಂದರಲ್ಲಿ.

ಬಟ್ಟೆಯ ಒಂದು ಮೂಲೆಯಲ್ಲಿ ಉಳಿದವುಗಳಿಗಿಂತ ದೊಡ್ಡವು ಎರಡು ಬೊಡಿ ಇದ್ದವು. ಒಂದರ ನೆತ್ತಿಗೆ ಕುಂಕುಮ, ಎರಡರ ಮೇಲೂ ಗರಿಕೆ. ಗಂಡ ಹೆಂಡತಿ. ವರ್ಷದ ಮೊದಲ ಬೊಡಿ ಇಡುವ ದಿನ ಈ ಇಬ್ಬರ ಮದುವೆ ಮಾಡಿ ಆಮೇಲೆ ಉಳಿದದ್ದಕ್ಕೆ ಕೈಹಾಕುವುದು ಪದ್ಧತಿ. ಗರಿಕೆ ಬಾಡಿ ಬೊಡಿಗೆ ಅಂಟಿಕೊಂಡಿತ್ತು. ಕರಿಯುವಾಗ ಇವರನ್ನೂ ಕರಿಯುತ್ತೀರಾ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಕೆಳಗಿನಿಂದ ಅಜ್ಜಿ ಕೂಗಿದರು.

ಅಡುಗೆಮನೆ ಎರಡು. ಒಳಗೆ ಗ್ಯಾಸ್, ಹಿಂದಿನ ಚಪ್ಪರದಡಿ ಮಣ್ಣಿನ ಒಲೆ. ಪಿಠಾ ಆಗುವುದು ಮಣ್ಣಿನ ಒಲೆಯ ಮೇಲೆ. ಅಜ್ಜಿಯ ಕನ್ನಡ ಅಷ್ಟಕ್ಕಷ್ಟೆ, ನನಗೆ ಬಂಗಾಳಿ ಸೊನ್ನೆ. ಅವರು ಸೊಸೆಯನ್ನು “ಬೌಮಾ” ಎಂದು ಕರೆದು ಹೇಳುವುದು, ಆಕೆ ಸಿಂಧನೂರಿನ ಕನ್ನಡದಲ್ಲಿ ನನಗೆ ದಾಟಿಸುವುದು. ಅಜ್ಜಿ ಪೂರ್ವ ಪಾಕಿಸ್ತಾನದ ಖುಲ್ನಾ ಕಡೆಯವರು. ಮದುವೆಗೆ ಮುಂಚೆಯೇ ತಂದೆತಾಯಿಯ ಜೊತೆ ಗಡಿ ದಾಟಿದವರು. ಅದರ ವಿವರಕ್ಕೆ ಅವರು ಹೋಗಲಿಲ್ಲ, ನಾನೂ ಕೆದಕಲಿಲ್ಲ. ಅಕ್ಕಿಯ ಬಗ್ಗೆ ಕೇಳಿದ್ದಕ್ಕೆ ಮಾತ್ರ ದಂಡಿಯಾಗಿ ಹೇಳಿದರು.

ಅಕ್ಕಿ ಈ ವರ್ಷದ್ದೇ ಆಗಬೇಕು, ಕುದಿಸಿ ಒಣಗಿಸಿದ ಭತ್ತದ್ದು ಆಗಬಾರದು. ಬಂಗಾಳದಲ್ಲಿ ಅಗ್ರಹಾಯಣ ಮಾಸದಲ್ಲಿ ಭತ್ತ ಬಂದ ಕೂಡಲೇ ‘ನಬಾನ್ನ’ ಎಂದು ಹೊಸ ಅಕ್ಕಿಯ ಹಬ್ಬ ಮಾಡಿ, ಹಾಲು, ಬೆಲ್ಲ, ಕಾಯಿ ಕಲಸಿ ದೇವರಿಗೆ ಕೊಡುತ್ತಾರೆ. ಪಿಠಾ ಅದರ ಮುಂದುವರಿಕೆ. ಕಾಲುವೆ ಕೆಳಗೂ ಮುಂಗಾರಿನ ಭತ್ತ ಕೊಯ್ಲಾಗುವುದು ನವೆಂಬರ್, ಡಿಸೆಂಬರಿನಲ್ಲೇ. ಗಂಗಾವತಿ, ಸಿಂಧನೂರು ಸೀಮೆಯ ಸೋನಾ ಮಸೂರಿಯೇ ಇವರ ಪಿಠಾ ಅಕ್ಕಿ. ಅಂದರೆ ತುಂಗಭದ್ರೆಯ ನೀರು ಈ ಅಡುಗೆಯ ತಿಂಗಳನ್ನು ತಪ್ಪದಂತೆ ಹಿಡಿದುಕೊಟ್ಟಿದೆ. ನಮ್ಮ ಯಲಬುರ್ಗಾ ಕಡೆಯ ಎರೆ ಭೂಮಿಯಲ್ಲಿ ಇವರಿಗೆ ಜಮೀನು ಕೊಟ್ಟಿದ್ದರೆ ಏನಾಗುತ್ತಿತ್ತೋ. ಜೋಳದ ಹಿಟ್ಟಿನಲ್ಲಿ ಪಿಠಾ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಅಜ್ಜಿ ತಲೆಯಾಡಿಸಿದ ರೀತಿ ಬೈದ ಹಾಗಿತ್ತು.

ಮೊದಲು ಪಾಟಿಶಾಪ್ಟಾ. ಅಕ್ಕಿ ಹಿಟ್ಟಿಗೆ ಒಂದಿಷ್ಟು ಮೈದಾ, ರವೆ, ಹಾಲು ಹಾಕಿ ತೆಳ್ಳಗೆ ಕಲಸಿ, ಹಂಚಿನ ಮೇಲೆ ದೋಸೆಯಂತೆ ಹರಡಿ, ನಡುವೆ ಕಾಯಿತುರಿ ಮತ್ತು ಈಚಲ ಬೆಲ್ಲ ಸೇರಿಸಿ ಕಾಯಿಸಿದ ಹೂರಣದ ಗೆರೆ ಇಟ್ಟು ಸುತ್ತುವುದು. ಹಂಚಿಗೆ ಎಣ್ಣೆ ಸವರಲು ಸೊಸೆ ಹಿಡಿದಿದ್ದುದು ಬದನೆಕಾಯಿಯ ತೊಟ್ಟು. ಕಾಯಿಯ ಮೇಲ್ಭಾಗವನ್ನು ಅಡ್ಡಕ್ಕೆ ಕೊಯ್ದು, ತೊಟ್ಟನ್ನೇ ಹಿಡಿಕೆ ಮಾಡಿಕೊಂಡು, ಕೊಯ್ದ ಮುಖವನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದಳು. ದೋಸೆಗೆ ನಾವು ಉಳ್ಳಾಗಡ್ಡಿ ಹೋಳು ಹಿಡಿಯುತ್ತೇವಲ್ಲ, ಆ ಕೆಲಸ. ಬಿಸಿಗೆ ಬದನೆಯ ಬಿಳಿ ಮೈ ಕಂದಾಗಿ, ಉಜ್ಜಿದಾಗೆಲ್ಲ ಸುಟ್ಟ ಬದನೆಯ ವಾಸನೆ ಹೊಮ್ಮುತ್ತಿತ್ತು. ಅದು ಪಿಠಾಕ್ಕೆ ಹತ್ತುವುದಿಲ್ಲವೇ ಎಂದರೆ ಇಲ್ಲ ಎಂದರು. ಬಿಸಿಯಾಗಿ ತಿಂದಾಗ ನನಗೂ ಗೊತ್ತಾಗಲಿಲ್ಲ. ಹೊರಗೆ ಮೆತ್ತಗೆ, ಒಳಗೆ ಬೆಲ್ಲ ಹಿಡಿದ ಕಾಯಿ. ನಮ್ಮ ಹೋಳಿಗೆಗೆ ತುಪ್ಪ ಬೇಕು, ಇದಕ್ಕೆ ಏನೂ ಬೇಡ.

ಮುಂದಿನ ಪಿಠಾದ ಹಿಟ್ಟು ನೆನೆಯಲೆಂದು ಒಂದಿಷ್ಟು ಹೊತ್ತು ಬಿಟ್ಟಾಗ ಹುಡುಗ ಕಾಲುವೆ ಕಡೆ ಕರೆದುಕೊಂಡು ಹೋದ. ತೂಬಿನ ಹತ್ತಿರ ಈಚಲ ಮರಗಳ ಗುಂಪು. ನಮ್ಮ ಕಡೆ ಹಳ್ಳದ ದಂಡೆಯಲ್ಲೂ ಇದೇ ಮರ. ನಾವು ಅದರಿಂದ ಬಾರಿಗೆ, ಚಾಪೆ ಮಾಡಿಕೊಂಡೆವು. ರಸ ಇಳಿಸಿದವರು ಹೆಂಡಕ್ಕೆ ಇಳಿಸಿದರು. ಬೆಲ್ಲ ಮಾಡಬಹುದೆಂದು ನಮ್ಮ ಓಣಿಯಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ಬಂಗಾಳದಲ್ಲಿ ಚಳಿಗಾಲ ಬರುತ್ತಿದ್ದಂತೆ ಮರದ ತಲೆಯ ಒಂದು ಮಗ್ಗುಲ ಗರಿ ಸವರಿ, ಮೆತ್ತನೆಯ ಭಾಗ ಕೆತ್ತಿ, ಬಿದಿರಿನ ಸಣ್ಣ ನಾಲಗೆ ಸಿಕ್ಕಿಸಿ, ಸಂಜೆ ಮಡಕೆ ಕಟ್ಟುತ್ತಾರೆ. ರಾತ್ರಿಯಿಡೀ ತೊಟ್ಟಿಕ್ಕಿದ ರಸವನ್ನು ಬಿಸಿಲೇರುವ ಮೊದಲೇ ಇಳಿಸಿ ಅಗಲ ಬಾಣಲೆಯಲ್ಲಿ ಕಾಯಿಸಬೇಕು. ತಡವಾದರೆ ಹುಳಿತು ಹೆಂಡದ ದಾರಿ ಹಿಡಿಯುತ್ತದೆ. ರಾತ್ರಿ ಚಳಿ ಬಿಗಿಯಾಗಿ, ಆಕಾಶ ತಿಳಿಯಾಗಿದ್ದಷ್ಟೂ ರಸ ತಿಳಿ, ಬೆಲ್ಲ ಸಿಹಿ. ಮೋಡ ಬಂದರೆ ಕೆಟ್ಟಿತು. ಮರಕ್ಕೆ ನಡುನಡುವೆ ಬಿಡುವು ಕೊಡಬೇಕು. ಬಿಡುವಿನ ಮೇಲಿನ ಮೊದಲ ಕೆತ್ತಿನ ರಸಕ್ಕೆ ಬೆಲೆ ಜಾಸ್ತಿ. ಒಂದು ವರ್ಷ ಈ ಮಗ್ಗುಲು, ಮರುವರ್ಷ ಆ ಮಗ್ಗುಲು ಕೆತ್ತುವುದರಿಂದ ಹಳೆಯ ಮರಗಳ ಕಾಂಡ ಅಂಕುಡೊಂಕು ಮೆಟ್ಟಿಲಾಗಿರುತ್ತದೆ.

ಕಾಲುವೆ ದಂಡೆಯ ಒಂದು ಮರದ ಮೇಲೆ ಅಂಥ ಮೆಟ್ಟಿಲಿನ ಗುರುತು ಕಂಡ ಹಾಗಾಯಿತು. ಮುತ್ತಜ್ಜನ ಕೈಕೆಲಸ ಇರಬಹುದು ಎಂದ ಹುಡುಗ. ಹೆಂಡ ಇಳಿಸಿದವರದ್ದೂ ಇರಬಹುದು ಅಂದೆ. ಇಬ್ಬರಿಗೂ ಖಾತ್ರಿ ಇರಲಿಲ್ಲ. ಈಗ ಯಾರೂ ಹತ್ತುವುದಿಲ್ಲ. ಕೆತ್ತುವ ಕೈ ಉಳಿದಿಲ್ಲ, ಇಲ್ಲಿಯ ರಾತ್ರಿ ಖುಲ್ನಾ, ಜೆಸ್ಸೋರಿನಷ್ಟು ತಣ್ಣಗಾಗುವುದಿಲ್ಲ. ಮೇಲಾಗಿ ಈಚಲ ರಸ ಇಳಿಸುವುದೆಂದರೆ ಅಬಕಾರಿ ಕಾನೂನಿನ ಕೆಳಗೆ ಬರುವ ಕೆಲಸ, ಪರವಾನಗಿ ಇಲ್ಲದೆ ಮರ ಮುಟ್ಟುವಂತಿಲ್ಲ. ಬೆಲ್ಲಕ್ಕೆ ಎಂದು ಹೇಳಿದರೆ ನಂಬುವವರಾರು? ಹೀಗೆ ಮರ ಮನೆಯ ಹಿಂದೆಯೇ ಇದ್ದು, ಬೆಲ್ಲ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯಿಂದ ಪಾರ್ಸೆಲ್ಲಿನಲ್ಲಿ ಬರುತ್ತದೆ.

ವಾಪಸು ಬಂದಾಗ ಒಲೆಯ ಮೇಲೆ ಮಣ್ಣಿನ ಹಂಚು ಕೂತಿತ್ತು, ಗುಳಿಗಳಿದ್ದದ್ದು. ಪಡ್ಡಿನ ಹಂಚನ್ನೇ ಹೋಲುತ್ತದೆ, ಗುಳಿ ಅಗಲ, ಆಳ ಕಡಿಮೆ. ಚಿತೋಯಿ ಪಿಠಾ. ಅಕ್ಕಿ ಹಿಟ್ಟು, ಉಪ್ಪು, ಬಿಸಿನೀರು, ಎಣ್ಣೆಯಿಲ್ಲ, ಹುಳಿಯಿಲ್ಲ. ಹಂಚು ಚೆನ್ನಾಗಿ ಕಾದ ಮೇಲೆ ಅಜ್ಜಿ ಹಿಟ್ಟು ಸುರಿದು, ಮುಚ್ಚಳ ಹಾಕಿ, ಮುಚ್ಚಳದ ಅಂಚಿಗೆ ಬೆರಳಿನಿಂದ ನೀರು ಚಿಮುಕಿಸಿದರು. ಚುಂಯ್ ಎಂದು ಆವಿ ಒಳಗೇ ಸಿಕ್ಕಿಕೊಂಡಿತು. ಮುಚ್ಚಳ ತೆಗೆದಾಗ ಮೇಲ್ಮೈ ಪೂರ್ತಿ ಸಣ್ಣ ತೂತು, ಬೆಳ್ಳಗೆ. ಕೆಳಗೆ ಕೆಂಪಗೆ ಗರಿಗರಿ. ಆ ತೂತುಗಳು ಬಾರದಿದ್ದರೆ ಹಾಲು ಕುಡಿಯುವುದಿಲ್ಲ ಎಂದು ಅಜ್ಜಿ ಒಂದನ್ನು ಬದಿಗೆ ತೆಗೆದಿಟ್ಟರು. ನೋಡಲು ನನಗೆ ಚೆನ್ನಾಗೇ ಇತ್ತು. ಅದನ್ನು ನನಗೇ ಕೊಟ್ಟರು, ಝೋಲಾ ಗುಡ್ ಜೊತೆ.

ಆಗ ನನ್ನ ಬುತ್ತಿ ಬಿಚ್ಚಿದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸೊಸೆಗೆ ಇದು ಹೊಸದಲ್ಲ, ಸಿಂಧನೂರಿನಲ್ಲಿ ಓದಿದವಳು. ಎಣ್ಣೆಗಾಯಿಯನ್ನು ಮಕ್ಕಳಿಂದ ದೂರ ಎತ್ತಿಟ್ಟಳು, ತನಗೆಂದು. ಅಜ್ಜಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ಎಳ್ಳು ನೋಡಿದರು, ಮುರಿದರು, ಈಚಲ ಬೆಲ್ಲದಲ್ಲಿ ಅದ್ದಿದರು. ಎರಡನೆಯ ತುಂಡೂ ಹಾಗೇ. ನಾನೂ ಅದ್ದಿ ನೋಡಿದೆ. ಸಜ್ಜೆಯ ತುಸು ಒಗರು, ಹುರಿದ ಎಳ್ಳು, ಹೊಗೆ ವಾಸನೆಯ ಬೆಲ್ಲ. ಇದನ್ನು ಇಟಗಿಯಲ್ಲಿ ಯಾರೂ ಮಾಡಿಲ್ಲ, ಖುಲ್ನಾದಲ್ಲೂ ಮಾಡಿರಲಾರರು. ಮನೆಗೆ ಒಂದು ಡಬ್ಬಿ ಕೊಂಡುಹೋಗುವುದೆಂದು ಅಲ್ಲೇ ತೀರ್ಮಾನಿಸಿದೆ.

ಕೊನೆಗೆ ಹಾಲು. ದೊಡ್ಡ ಪಾತ್ರೆಯಲ್ಲಿ ಕಾಯಿಸಿ ಕಾಯಿಸಿ ಗಟ್ಟಿಯಾಗಿಸಿದ ಹಾಲನ್ನು ಕೆಳಗಿಳಿಸಿ ಸುಮ್ಮನೆ ಕೂತರು. ಬೆಲ್ಲ ಹಾಕಲಿಲ್ಲ. ಕುದಿಯುವ ಹಾಲಿಗೆ ಈ ಬೆಲ್ಲ ಬಿದ್ದರೆ ಒಡೆದುಹೋಗುತ್ತದೆ. ಬೆರಳು ತಾಳುವಷ್ಟು ಆರಿದ ಮೇಲೆ ಕರಗಿಸಿದ ಬೆಲ್ಲ ಸುರಿದು ಕಲಕಿದರು. ಹಾಲು ಬಾದಾಮಿ ಬಣ್ಣಕ್ಕೆ ತಿರುಗಿತು. ಅದರೊಳಗೆ ಬಿಸಿ ಚಿತೋಯಿಗಳನ್ನು ಒಂದೊಂದಾಗಿ ಇಳಿಬಿಟ್ಟು ಮುಚ್ಚಿದರು. ನಾನು ತಟ್ಟೆ ಹಿಡಿದೇ ಇದ್ದೆ.

“ಅದು ಈಗ ತಿನ್ನಂಗಿಲ್ರಿ ಅಣ್ಣಾರ” ಎಂದಳು ಸೊಸೆ. “ರಾತ್ರೆಲ್ಲಾ ನೆನೀಬೇಕು. ನಾಳೆ ಮುಂಜಾನೆ ತಿನ್ನೂದು. ಇದ್ದುಬಿಡ್ರಿ.”

ಮರುದಿನ ನಮ್ಮಲ್ಲೂ ಹಬ್ಬ, ಉಳಿಯುವಂತಿರಲಿಲ್ಲ. ಹೀಗಾಗಿ ಹಾಲಲ್ಲಿ ನೆಂದ ಚಿತೋಯಿಯ ರುಚಿ ಹೇಗಿರುತ್ತದೆಂದು ಇಲ್ಲಿ ಬರೆಯಲಾರೆ. ಹೋಗುವವರು ಭೋಗಿಯ ದಿನ ಹೋಗಬೇಡಿ, ಸಂಕ್ರಾಂತಿಯ ಬೆಳಿಗ್ಗೆ ಹೋಗಿ. ಪಾಟಾಲಿ ಕೊಳ್ಳುವುದಿದ್ದರೆ ಮೂಲೆ ಒತ್ತಿ ನೋಡಿ ಕೊಳ್ಳಿ.